ಎರಡು ಫೇಜಿನ ಶನಿವಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಪಾಠ ಮಾಡುತ್ತಿದ್ದ ಚಿಕ್ಕೋಡಿಯ ಪಾಲಿಟೆಕ್ನಿಕ್ಕಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಆದರೆ ತೊಂಬತ್ತಾರರ ಚಳಿಗಾಲದಲ್ಲಿ ನಾನು ಯಾರ ಮೇಲೂ ಹರಿಹಾಯಲಿಲ್ಲ, ಅಷ್ಟು ಖುಷಿಯಲ್ಲಿದ್ದೆ. ಕೊಲ್ಹಾಪುರದ ಗೆಳತಿಯೊಬ್ಬಳು ವಿಎಚ್‌ಡಿಎಲ್ ಎಂಬ ಭಾಷೆಯ ಪುಸ್ತಕವನ್ನು ಝೆರಾಕ್ಸ್ ಮಾಡಿಸಿ ಕಳಿಸಿದ್ದಳು. ಸರ್ಕೀಟು ಹೇಗೆ ನಡೆದುಕೊಳ್ಳಬೇಕೆಂದು ಆ ಭಾಷೆಯಲ್ಲಿ ಬರೆದರೆ ಸಾಕು, ಬೆರಳುದ್ದದ ಚಿಪ್ ಹಾಗೇ ಆಗಿಬಿಡುತ್ತದೆ! ಬೆಸುಗೆಯಿಲ್ಲ, ತಂತಿಗಳ ಸಿಕ್ಕಿಲ್ಲ.

ಮೊದಲ ತಿಂಗಳು ಏನೂ ತಲೆಗೆ ಹತ್ತಲಿಲ್ಲ. ಬರೆದ ಸಾಲುಗಳು ಒಂದಾದ ಮೇಲೊಂದು ನಡೆಯುತ್ತವೆ ಎಂದುಕೊಂಡಿದ್ದೆ. ನಿಪ್ಪಾಣಿಗೆ ಹೋದಾಗ ಕಟ್ಟೆಯ ಮೇಲೆ ಬೀಡಿ ಕಟ್ಟುತ್ತಿದ್ದ ಹೆಂಗಸರನ್ನು ಕಂಡೆ. ಒಬ್ಬಳು ಎಲೆ ಕತ್ತರಿಸುತ್ತಿದ್ದಳು, ಒಬ್ಬಳು ಸುತ್ತುತ್ತಿದ್ದಳು, ಇನ್ನೊಬ್ಬಳು ದಾರ ಕಟ್ಟುತ್ತಿದ್ದಳು; ಯಾರ ಕೈಯೂ ನಿಂತಿರಲಿಲ್ಲ. ಚಿಪ್‌ನೊಳಗೂ ಎಲ್ಲ ಸಾಲುಗಳು ಒಮ್ಮೆಲೇ ನಡೆಯುತ್ತವೆ! "ಅಯ್ಯ ನಮ್ಮವ್ವಾ, ಇಷ್ಟ ಏನ ಇದು!" ಎಂದು ಬೀದಿಯಲ್ಲೇ ಕೂಗಿದೆ.

ಇದನ್ನು ಹುಡುಗರಿಗೆ ಕಲಿಸಲೇಬೇಕೆಂದು ಪ್ರಿನ್ಸಿಪಾಲ್ ತಾತ್ಯಾಸಾಹೇಬರ ಮುಂದೆ ಹೋಗಿ ಕೂತೆ.

"ಬರದರ ಸರ್ಕೀಟ್ ಆಗತೈತೇನ್ರಿ? ಹಂಗಾರ ನಾನೂ ಹಾಳಿ ಮ್ಯಾಲ ಹೋಳಿಗಿ ಅಂತ ಬರದು ಹೊಟ್ಟಿ ತುಂಬಸ್ಕೋತೀನಿ ಬಿಡ್ರಿ," ಎಂದು ಅವರು ನಕ್ಕರು. ಆಮೇಲೆ, "ಶನಿವಾರ ನಮ್ಮ ನೀರಿನ ಮೋಟರ್ ಮ್ಯಾಲ ಮಾಡಿ ತೋರಸ್ರಿ. ನಡದರ ಸೋಮವಾರದಿಂದ ಕ್ಲಾಸ್. ಇಲ್ಲಂದ್ರ ಈ ಮಾತ ಮತ್ತ ಎತ್ತಬ್ಯಾಡ್ರಿ," ಎಂದರು.

ಚಿಪ್‌ಗೆ ಬರೆಯುವ ಯಂತ್ರವನ್ನು ಗೆಳತಿಯಿಂದ ಕಡ ತಂದಿದ್ದೆ. ಶನಿವಾರ ಸಂಜೆ ಅದು ವಾಪಸ್ ಹೋಗಬೇಕಿತ್ತು. ನಾನು ಬರೆದದ್ದು ಸರಳ: ಮೂರೂ ಫೇಜಿನಲ್ಲಿ ಕರೆಂಟ್ ಇದ್ದರೆ ಮಾತ್ರ ಮೋಟರ್ ಚಾಲೂ ಆಗಲಿ. ಒಂದು ಫೇಜ್ ಹೋದಾಗಲೇ ಅಲ್ಲವೇ ಮೋಟರ್ ಸುಡುವುದು? ಪಂಪು ನೋಡಿಕೊಳ್ಳುವ ಹಾಲಸಿದ್ದ, ಹಲಗೆಯ ಮೇಲಿನ ಎಲ್ಲ ಸ್ವಿಚ್ಚುಗಳ ತಂತಿಯನ್ನೂ ಚಿಪ್ ಕೂರಿಸಿದ್ದ ನನ್ನ ಡಬ್ಬಿಗೆ ಜೋಡಿಸಿಕೊಟ್ಟ.

ಶನಿವಾರ ಹನ್ನೊಂದಕ್ಕೆ ತಾತ್ಯಾಸಾಹೇಬರು ಬಂದು ನಿಂತರು. ಹಾಲಸಿದ್ದ ಗುಂಡಿ ಒತ್ತಿದ. ಮೋಟರ್ ಮಿಸುಕಲಿಲ್ಲ. ಮತ್ತೆ ಒತ್ತಿದ. ಊಹೂಂ.

ನನ್ನ ಮೈಯೆಲ್ಲ ಉರಿಯಿತು. "ಏನ ಒತ್ತಾಕತ್ತೀಯೋ, ಗಟ್ಟಿ ಒತ್ತ!" ಎಂದು ಅವನ ಮೇಲೆ ರೇಗಿದೆ.

"ಬಾಯಾರ, ನನ್ನ ಮ್ಯಾಲ್ಯಾಕ ಸಿಟ್ಟ? ಈ ಹೊತ್ತಿನ್ಯಾಗ ಎರಡ ಫೇಜ್ ಬರತೈತ್ರಿ. ನಮ್ಮ ಕಡೆ ಎಲ್ಲಾರೂ ಕಂಡೆನ್ಸರ್ ಸ್ವಿಚ್ ಹಾಕಿ ಎರಡರ ಮ್ಯಾಲೇ ನಡಸ್ತಾರ. ಮೂರ ಬರೂತನಾ ಕುಂತರ ಕಬ್ಬ ಒಣಗತೈತ್ರಿ."

ಹೌದಲ್ಲ! ಅಕ್ಕೋಳದ ಹೊಲದಲ್ಲಿ ನನ್ನಪ್ಪನೂ ಅದನ್ನೇ ಮಾಡುತ್ತಿದ್ದರು. ಇಲ್ಲದ ಫೇಜಿನ ಕೊರತೆಯನ್ನು ಕಂಡೆನ್ಸರ್ ತುಂಬುತ್ತಿತ್ತು, ಮೋಟರ್ ಸುಡುತ್ತಿರಲಿಲ್ಲ. ಚಿಪ್ ತಪ್ಪು ಮಾಡಿರಲಿಲ್ಲ, ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿತ್ತು. ಇಲ್ಲೇ ಹುಟ್ಟಿ ಬೆಳೆದೂ ಪುಸ್ತಕ ನೋಡಿ ಬರೆದವಳು ನಾನು. ನಾಚಿಕೆಯಾಯಿತು.

"ಸಾಹೇಬ್ರ, ಒಂದ ಕಪ್ ಚಹಾ ಕುಡೀರಿ, ಅಷ್ಟರಾಗ ಬಂದೆ," ಎಂದು ಚಿಪ್ ಕಿತ್ತುಕೊಂಡು, ಸೆರಗು ಸಿಕ್ಕಿಸಿ ಲ್ಯಾಬಿಗೆ ಓಡಿದೆ. ಪುಣ್ಯಕ್ಕೆ ಕಂಪ್ಯೂಟರಿನ ಫೇಜಿನಲ್ಲಿ ಕರೆಂಟ್ ಇತ್ತು. ‘ಮೂರೂ ಇದ್ದರೆ’ ಎಂಬುದರ ಮುಂದೆ ‘ಅಥವಾ ಎರಡಿದ್ದು ಕಂಡೆನ್ಸರ್ ಹಾಕಿದ್ದರೆ’ ಎಂದು ಸೇರಿಸಿದೆ. ಹಳೆಯದು ಅಳಿಸಿ ಚಿಪ್‌ಗೆ ಹೊಸದು ಇಳಿಯಲು ಕೆಲವೇ ಸೆಕೆಂಡು ಹಿಡಿಯಿತು. ಓಡಿ ಬಂದು ಅದನ್ನು ಮತ್ತೆ ಡಬ್ಬಿಯಲ್ಲಿ ಕೂರಿಸಿದೆ.

ಹಾಲಸಿದ್ದ ಕಂಡೆನ್ಸರ್ ಸ್ವಿಚ್ ಹಾಕಿ ಗುಂಡಿ ಒತ್ತಿದ. ಮೋಟರ್ ಗುಂಯ್ ಅಂದಿತು. ಪೈಪಿನಿಂದ ನೀರು ಧಡಧಡ ಟಾಕಿಗೆ ಬಿತ್ತು. ಪಾಠ ಹೇಳುವ ಬಾಯಾರು ನಾನು ಎಂಬುದನ್ನೂ ಮರೆತು ಕುಣಿದೇಬಿಟ್ಟೆ.

"ಎಷ್ಟ ತಂತಿ ಬದಲ ಮಾಡಿದ್ರಿ?" ಎಂದು ತಾತ್ಯಾಸಾಹೇಬರು ಕೇಳಿದರು. ಅವರ ಕಪ್ಪಿನಲ್ಲಿ ಇನ್ನೂ ಅರ್ಧ ಚಹಾ ಇತ್ತು.

"ಒಂದೂ ಇಲ್ರಿ. ಒಂದ ಸಾಲ ತಿದ್ದಿದೆ."

ಅವರು ಏನಾದರೂ ಹೇಳುವ ಮೊದಲೇ ಹಾಲಸಿದ್ದ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ನಡುವೆ ಬಾಯಿ ಹಾಕಿದ. "ಹಂಗಾರ ಬಾಯಾರ, ಟಾಕಿ ತುಂಬಿತಂದ್ರ ನಿಲ್ಲಲಿ ಅಂತ ಬರೀರಿ. ಬಾವ್ಯಾಗ ನೀರ ಇಳದಿತ್ತಂದ್ರ, ಟಾಕಿ ಖಾಲಿ ಇದ್ರೂ ಚಾಲೂ ಆಗಬಾರದ. ಕರೆಂಟ್ ಹೋಗಿ ಬಂದ್ರ ಎರಡ ಮಿನಿಟ್ ತಡದ ಚಾಲೂ ಆಗಲಿ..."

‘ಹೀಗಿದ್ದರೆ ಹೀಗಾಗಲಿ’ ಎಂದು ಯೋಚಿಸುವುದನ್ನು ನಾನು ತಿಂಗಳುಗಟ್ಟಲೆ ತಿಣುಕಿ ಕಲಿತಿದ್ದೆ; ಅದನ್ನೇ ಈತ ಒಂದೂ ತಪ್ಪಿಲ್ಲದೆ ಹೇಳುತ್ತಿದ್ದ.

ತಾತ್ಯಾಸಾಹೇಬರು ಕಪ್ಪು ಕೆಳಗಿಟ್ಟರು. "ಸೋನಾಬಾಯಾರ, ಸೋಮವಾರದಿಂದ ಕ್ಲಾಸ್ ಚಾಲೂ ಮಾಡ್ರಿ. ಹುಡುಗರ ಸಂಗಾಟ ಹಾಲಸಿದ್ದನ್ನೂ ಕುಂಡ್ರಸ್ರಿ."

"ಕುಂಡ್ರಸೂದ್ಯಾಕ್ರಿ ಸಾಹೇಬ್ರ," ಎಂದೆ. "ಮೊದಲನೇ ಕ್ಲಾಸ್ ಅಂವನೇ ತಗೊಳ್ಳಲಿ. ನಾ ಕುಂತ ಬರಕೋತೀನಿ."