ತೋಳಿಗೊಂದು ಪೊಟ್ಟಣ

ವೀಕೆ ನಮ್ಮ ವೃದ್ಧಾಶ್ರಮಕ್ಕೆ ಬಂದಾಗ ಅವಳಿಗೆ ಹತ್ತೊಂಬತ್ತು, ನನಗೆ ಎಂಬತ್ತನಾಲ್ಕು. ಮೂರನೇ ಮಹಡಿಯಲ್ಲಿ ನನ್ನ ಪಕ್ಕದ ಕೋಣೆಯನ್ನು ಅವಳಿಗೆ ಪುಕ್ಕಟೆ ಕೊಟ್ಟಿದ್ದರು. ಬಾಡಿಗೆಯ ಬದಲು ತಿಂಗಳಿಗೆ ಮೂವತ್ತು ಗಂಟೆ ನಮ್ಮಂಥವರ ಜೊತೆ ಕಾಫಿ ಕುಡಿಯಬೇಕು, ಇಸ್ಪೀಟು ಆಡಬೇಕು, ಹಳೇ ಕಥೆಗಳನ್ನು ಮೊದಲ ಸಲ ಕೇಳುತ್ತಿರುವಂತೆ ಕೇಳಬೇಕು. ನೆದರ್‌ಲ್ಯಾಂಡ್ಸಿನ ಈ ಗ್ರೋನಿಂಗನ್ನಿನಲ್ಲಿ ಕಾಲು ಚಾಚಲು ಜಾಗವಿಲ್ಲದ ಕೋಣೆಗೂ ಆರುನೂರು ಯೂರೋ ಕೀಳುತ್ತಾರೆ. ನರ್ಸಿಂಗ್ ಮೊದಲ ವರ್ಷದ ಹುಡುಗಿ, ಅಪ್ಪ ಬಸ್ ಓಡಿಸುವವನು. ಈ ಕೋಣೆ ಕೈತಪ್ಪಿದರೆ ಓದು ಬಿಟ್ಟು ಊರಿಗೆ ಹೋಗುವುದೊಂದೇ ದಾರಿ ಎಂದು ಮೊದಲ ದಿನವೇ ಹೇಳಿದ್ದಳು.

ಹುಡುಗಿ ಜಿಪುಣಿ. ಇದನ್ನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಕಸ್ಟರ್ಡ್ ಬಾಟಲಿ ಖಾಲಿಯಾಯಿತೆಂದು ನಾವೆಲ್ಲ ಕೈಬಿಟ್ಟ ಮೇಲೆ ಅವಳು ಉದ್ದ ಹಿಡಿಯ ಚಮಚ ಇಳಿಸಿ, ಕೆರೆದು ಕೆರೆದು ಇನ್ನೊಂದು ಬಟ್ಟಲು ತುಂಬಿಸಿದಳು. ನಲವತ್ತು ವರ್ಷ ಗುಂಡಿ, ದಾರ, ಜಿಪ್ಪು ಮಾರಿದವಳು ನಾನು. ಅವಳನ್ನು ನೋಡಿ ನನ್ನ ಕಣ್ಣು ತಂಪಾಯಿತು. ಉಳಿಸಿದ್ದೆಲ್ಲ ಕಾರು ಕಲಿಯುವುದಕ್ಕಂತೆ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್ ಆಗಬೇಕು, ಅದಕ್ಕೆ ಲೈಸೆನ್ಸ್ ಬೇಕು.

"ಓಮಾ ಅಂತ ಕರೀಲಾ?" ಎಂದಳು. ನಮ್ಮಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ.

"ಅಜ್ಜಿ ಗಿಜ್ಜಿ ಏನೂ ಬೇಡ. ತ್ರುಸ್ ಅನ್ನು, ಸಾಕು."

ಅಕ್ಟೋಬರಿನಲ್ಲಿ ಅವಳಿಗೆ ರಕ್ತದೊತ್ತಡ ಅಳೆಯುವ ಪರೀಕ್ಷೆ ಬಂತು. ಕಾಲೇಜಿನಲ್ಲಿ ಸಹಪಾಠಿಗಳ ತೋಳೇ ಸಿಗುತ್ತಿತ್ತು, ಎಲ್ಲರದೂ ಒಂದೇ ಲೆಕ್ಕ, ಏನೂ ಕಲಿಯಲಾಗುತ್ತಿರಲಿಲ್ಲ. ಕಾಫಿ ಮೇಜಿನಲ್ಲಿ ಇದನ್ನು ಹೇಳಿಕೊಂಡಾಗ ವುಬ್ಬೊ ತೋಳು ಮಡಚಿ ತೋರಿಸಿದ. ಐವತ್ತು ವರ್ಷ ಕಾಲುವೆಯಲ್ಲಿ ಸರಕಿನ ದೋಣಿ ನಡೆಸಿದವನು, ಎಂಬತ್ತೆಂಟರ ಮುದುಕ, ಅವಳಿಗಿಂತಲೂ ಜಿಪುಣ.

"ಎಂಥಾ ತೋಳು ನೋಡು! ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಹಿಂಡ್ಕೋ. ಬಿಟ್ಟಿ ಅಲ್ಲ ಮತ್ತೆ. ವಾರಕ್ಕೊಂದು ಪೊಟ್ಟಣ ಜೇಷ್ಠಮಧು ಮಿಠಾಯಿ."

"ನಿಮಗೆ ಉಪ್ಪು ಬೇಡ ಅಂದಿದಾರಲ್ಲ ಡಾಕ್ಟ್ರು?"

"ಉಪ್ಪಿಂದು ಯಾರು ಕೇಳಿದ್ರು? ಸಿಹೀದು ತಾ. ಸಿಹಿ ಯಾರಿಗೆ ಏನು ಮಾಡುತ್ತೆ?"

ಅವಳಿಗೆ ಸರಿ ಎನಿಸಿತು. ನನಗೂ ಸರಿಯೆನಿಸಿತು. ತೊಟ್ಟಿಲಿನಿಂದಲೇ ಉಪ್ಪಿನದು, ಸಿಹಿಯದು ಎರಡೂ ಬಗೆಯ ಆ ಕರಿ ಮಿಠಾಯಿ ಜಗಿದು ಬೆಳೆದ ಜನ ನಾವು, ಉಪ್ಪಿನದು ಬೇಡ, ಸಿಹಿಯದು ಪರವಾಗಿಲ್ಲ ಎಂದು ನಂಬಿದ್ದೆವು. ಶುಕ್ರವಾರ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಮುರಿದ ಚೂರುಗಳನ್ನು ಪೊಟ್ಟಣಕ್ಕೆ ಒಂದು ಯೂರೋದಂತೆ ಸುರಿಯುತ್ತಾರೆ. ವೀಕೆ ಅದನ್ನೇ ತಂದಳು.

ಸುದ್ದಿ ಹಬ್ಬಿತು. ನಾನು, ಎದುರು ಕೋಣೆಯ ಹಿಲ್ಲಿ, ಅವಳ ತಂಗಿ ಕೊರ್ರಿ, ಮೂವರೂ ತೋಳು ಚಾಚಿದೆವು. ದರ ಒಂದೇ, ತೋಳಿಗೊಂದು ಪೊಟ್ಟಣ. ಆಶ್ರಮದ ನರ್ಸನ್ನು ಕೇಳದೆ ಯಾರಿಗೂ ತಿನಿಸು ಕೊಡಬಾರದು, ಕೊಟ್ಟವರು ಕೋಣೆ ಬಿಡಬೇಕು ಎಂದು ಸೇರುವಾಗ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿದೆ. ಹಾಗಾಗಿ ಪೊಟ್ಟಣಗಳು ನನ್ನ ಹೆಣಿಗೆ ಚೀಲದಲ್ಲಿ, ಉಣ್ಣೆಯುಂಡೆಗಳ ಅಡಿಯಲ್ಲಿ ಮಹಡಿ ಹತ್ತುತ್ತಿದ್ದವು. ಎಷ್ಟೋ ವರ್ಷಗಳ ಮೇಲೆ ಶುಕ್ರವಾರಕ್ಕಾಗಿ ಕಾಯುವಂತಾಗಿತ್ತು.

ಈಗ ನಾಚಿಕೆಯ ವಿಷಯ. ಆ ಮಿಠಾಯಿ ನನ್ನ ಕಟ್ಟಿಸಿದ ಹಲ್ಲಿಗೆ ಅಂಟುತ್ತದೆ. ಎಸೆಯಲು ಮನಸ್ಸು ಬರಲಿಲ್ಲ. ನನ್ನ ಪೊಟ್ಟಣವನ್ನು, ದುಡ್ಡು ಕೊಟ್ಟು ತರಿಸಿದ್ದೆಂದು ಹೇಳಿ, ವುಬ್ಬೊಗೆ ಎರಡು ಯೂರೋಗೆ ಮಾರಿದೆ. ಹಿಲ್ಲಿ ಮತ್ತು ಕೊರ್ರಿಯದನ್ನೂ ಮಾರಿಸಿಕೊಟ್ಟೆ, ದಲ್ಲಾಳಿ ಪಾಲು ಹಿಡಿದು. ಇದನ್ನು ವೀಕೆಗೆ ಹೇಳಲಿಲ್ಲ. ವ್ಯಾಪಾರದ ಗುಟ್ಟನ್ನು ಯಾರಾದರೂ ಹೇಳುತ್ತಾರೆಯೇ?

ಐದು ವಾರದಲ್ಲಿ ವುಬ್ಬೊನ ರಕ್ತದೊತ್ತಡ ನೂರ ನಲವತ್ತರಿಂದ ನೂರ ಎಂಬತ್ತೈದಕ್ಕೆ ಏರಿತು. ಪಾದ ಊದಿ ಬೂಟು ಹಿಡಿಸದಾಯಿತು. ಡಾಕ್ಟರು ಒಂದು ಮಾತ್ರೆ ಹೆಚ್ಚಿಸಿದರು, ಇಳಿಯಲಿಲ್ಲ. ಸೋಮವಾರದಿಂದ ನೀರಿಳಿಸುವ ಬೇರೆ ಮಾತ್ರೆ ಕೊಡುವುದೆಂದು ತೀರ್ಮಾನವಾಯಿತು.

ಭಾನುವಾರ ಮಧ್ಯಾಹ್ನ ವೀಕೆ ಪಠ್ಯಪುಸ್ತಕ ಹಿಡಿದು ನನ್ನ ಕೋಣೆಗೆ ನುಗ್ಗಿದಳು. ಮುಖ ಬಿಳಿಚಿಕೊಂಡಿತ್ತು.

"ತ್ರುಸ್, ಉಪ್ಪಲ್ಲ! ಆ ಜೇಷ್ಠಮಧು ಬೇರೇ ಒತ್ತಡ ಏರಿಸುತ್ತಂತೆ. ಸಿಹಿ ಆದ್ರೂ ಅಷ್ಟೆ, ಉಪ್ಪಾದ್ರೂ ಅಷ್ಟೆ. ಇದರ ಮೇಲೆ ಆ ಹೊಸ ಮಾತ್ರೆ ಬಿದ್ರೆ ಹೃದಯಕ್ಕೇ ಅಪಾಯ."

"ಸುಮ್ನೆ ತರೋದು ನಿಲ್ಲಿಸಿಬಿಡು. ಯಾರಿಗೆ ಗೊತ್ತಾಗುತ್ತೆ?"

"ನಾಳೆ ಮಾತ್ರೆ ಶುರು ಮಾಡ್ತಾರಲ್ಲ! ಹೇಳ್ಲೇಬೇಕು."

"ಹೇಳಿದ್ರೆ ಕೋಣೆ ಹೋಗುತ್ತೆ ಹುಡುಗಿ."

"ಗೊತ್ತು" ಎಂದು ನನ್ನ ಮಂಚದ ಮೇಲೆ ಕೂತು ಅತ್ತಳು.

ಸೋಮವಾರ ಬೆಳಿಗ್ಗೆ ಮೇಲ್ವಿಚಾರಕಿ ಹಿಡಿಂಗ್ ಮೇಡಂ ಕೋಣೆಯಲ್ಲಿ ಡಾಕ್ಟರು, ವುಬ್ಬೊ, ವೀಕೆ ಸೇರಿದರು. ಧೈರ್ಯ ಹೇಳುವ ನೆಪದಲ್ಲಿ ನಾನೂ ಹೋದೆ. ನಿಜ ಹೇಳಬೇಕೆಂದರೆ, ನನ್ನ ಹೆಸರು ಬರುತ್ತದೆಯೇ ನೋಡಲು ಹೋದೆ. ವೀಕೆ ಎಲ್ಲ ಹೇಳಿದಳು, ನಾವೆಲ್ಲರೂ ಪೊಟ್ಟಣ ಪಡೆದೆವೆಂದೂ ಹೇಳಿದಳು, ಐದು ವಾರ ದಿನಕ್ಕೆರಡು ಸಲ ಬರೆದ ಪುಸ್ತಕವನ್ನೂ ಮುಂದಿಟ್ಟಳು.

ಡಾಕ್ಟರು ಓದಿ ತಲೆಯಾಡಿಸಿದರು. "ಬರೆದಿರೋದು ಚೆನ್ನಾಗಿದೆ. ಆದ್ರೆ ವಾರಕ್ಕೆ ಒಂದೇ ಪೊಟ್ಟಣ ಅಂತೀಯ. ಅಷ್ಟಕ್ಕೆಲ್ಲ ಇಷ್ಟು ಏರಲ್ಲಮ್ಮ. ಕಾರಣ ಬೇರೇನೋ ಇದೆ. ಮಾತ್ರೆ ಶುರು ಮಾಡೋಣ."

ಹಿಡಿಂಗ್ ಮೇಡಂ ಮುಖ ಸಡಿಲವಾಯಿತು. "ಹಾಗಿದ್ರೆ ಈ ಸಲ ಒಂದು ಎಚ್ಚರಿಕೆ ಕೊಟ್ಟು ಬಿಡ್ತೀನಿ."

ವೀಕೆಯ ಕೋಣೆ ಉಳಿಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಖಾಂತ. ವುಬ್ಬೊನ ಕಡೆ ನೋಡಿದೆ. ಬೂಟು ಹಿಡಿಸದೆ ಒಂದು ಕಾಲಿಗೆ ಉಣ್ಣೆಯ ಚಪ್ಪಲಿ ಹಾಕಿಕೊಂಡು, ಏನೂ ಅರಿಯದ ಮುಖ ಮಾಡಿ ಕೂತಿದ್ದ. ತನ್ನ ನಾಲ್ಕು ಪೊಟ್ಟಣದ ಸಂಗತಿ ಅವನೂ ಬಾಯಿಬಿಡಲಿಲ್ಲ, ಕಳ್ಳ. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹತ್ತೊಂಬತ್ತರ ಹುಡುಗಿ ಇದ್ದಬದ್ದದ್ದೆಲ್ಲ ಮೇಜಿನ ಮೇಲಿಟ್ಟಿದ್ದಳು, ನಾನು ಚಿಲ್ಲರೆ ಬಚ್ಚಿಟ್ಟುಕೊಂಡು ಕೂತಿದ್ದೆ.

"ಒಂದಲ್ಲ ಡಾಕ್ಟ್ರೇ, ನಾಲ್ಕು" ಎಂದೆ. "ನಮ್ಮ ಮೂವರದನ್ನೂ ಇವನಿಗೇ ಮಾರಿದೀನಿ. ಎರಡೆರಡು ಯೂರೋಗೆ."

ವುಬ್ಬೊ ಕುರ್ಚಿಯಿಂದ ಎದ್ದೇಬಿಟ್ಟ. "ಎರಡು ಯೂರೋ ಮಾರ್ಕೆಟ್ ದರ ಅಂದಿದ್ಯಲ್ಲೇ! ನಿಂಗೆ ಪುಕ್ಕಟೆ ಬಂದದ್ದಾ ಅದು?"

"ಕೂತ್ಕೊಳ್ಳಿ, ಒತ್ತಡ ಏರುತ್ತೆ!" ಎಂದು ಡಾಕ್ಟರು ಗದರಿದರು. ಹೊಸ ಮಾತ್ರೆಯ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು.

ಹಿಡಿಂಗ್ ಮೇಡಂ ಕನ್ನಡಕ ತೆಗೆದಿಟ್ಟರು. "ಹಾಗಾದ್ರೆ ನಿಯಮ ನಿಯಮವೇ. ವೀಕೆ, ತಿಂಗಳ ಕೊನೆಗೆ ಕೋಣೆ ಖಾಲಿ ಮಾಡ್ಬೇಕಾಗುತ್ತೆ."

ವೀಕೆ ತನ್ನ ಪುಸ್ತಕ ಎತ್ತಿಕೊಂಡಳು. ಆದರೆ ನನ್ನಂತೆ ಅಂಗಡಿ ಇಟ್ಟವಳು ಸಣ್ಣಕ್ಷರ ಓದದೆ ಸಹಿ ಹಾಕುವುದಿಲ್ಲ.

"ಮೇಡಂ, ಆ ಕಾಗದ ತೆಗೀರಿ. ಅದರಲ್ಲಿ ವಿದ್ಯಾರ್ಥಿ ಅಂತಿಲ್ಲ. ಈ ಮನೇಲಿರೋ ಯಾರೇ ಆಗಲಿ ಅಂತಿದೆ. ಅವಳು ಕೊಟ್ಟಿದ್ದು ಒಂದು, ನಾವು ಕೊಟ್ಟಿದ್ದು ಮೂರು. ಮೊದಲು ನನ್ನ ಪೆಟ್ಟಿಗೆ ಕಟ್ಟಿಸಿ. ನನ್ನ ಬೀರು ಮಾತ್ರ ಹುಷಾರು, ಅಮ್ಮಂದು."

ಬಾಗಿಲು ತಾನಾಗಿ ತೆರೆಯಿತು. ಕಿವಿಗೊಟ್ಟು ನಿಂತಿದ್ದ ಹಿಲ್ಲಿಯ, ಊರಿಕೊಂಡು ನಡೆಯುವ ಕೈಗಾಡಿ ಮೊದಲು ಒಳಬಂತು, ಹಿಂದೆ ಕೊರ್ರಿಯದು.

"ನಮ್ದೂ ಕಟ್ಟಿಸಿ. ಕೊರ್ರಿ ಹತ್ರ ಪಿಂಗಾಣಿ ನಾಯಿಗಳೇ ಮೂವತ್ತಿವೆ, ಲಾರಿ ಬೇಕಾಗುತ್ತೆ" ಎಂದಳು ಹಿಲ್ಲಿ.

ಹಿಡಿಂಗ್ ಮೇಡಂ ಕಾಗದವನ್ನು ಎರಡು ಸಲ ಓದಿದರು. ಡಾಕ್ಟರು ಕಿಟಕಿಯಾಚೆ ನೋಡುತ್ತ ಕೆಮ್ಮಿದರು, ಅದು ಕೆಮ್ಮಲ್ಲವೆಂದು ಎಲ್ಲರಿಗೂ ತಿಳಿಯಿತು.

ವೀಕೆ ಉಳಿದಳು. ತೋಳು ಅಳೆಯುವುದಿದ್ದರೆ ಆಶ್ರಮದ ನರ್ಸ್ ಎದುರಿಗೇ ಎಂದು ಹೊಸ ನಿಯಮ ಬಂತು. ನನ್ನ ಹೆಣಿಗೆ ಚೀಲಕ್ಕೆ ಪ್ರತಿ ಶುಕ್ರವಾರ ತಪಾಸಣೆ. ವುಬ್ಬೊನ ದುಡ್ಡನ್ನು ಪೂರ್ತಿ ವಾಪಸ್ ಕೊಡಿಸಿದರು, ಶಿಕ್ಷೆಯಲ್ಲಿ ನೋವಾದದ್ದು ಅದೊಂದೇ. ಮೂರು ವಾರದಲ್ಲಿ ಅವನ ಬೂಟು ಹಿಡಿಸಿತು.

ಮುಂದಿನ ಬೇಸಿಗೆಯಲ್ಲಿ ಹುಡುಗಿಗೆ ಲೈಸೆನ್ಸ್ ಬಂತು. ಅಪ್ಪನ ಹಳೇ ಕಾರು ತಂದು ವುಬ್ಬೊನನ್ನು ಮುಂದೆ, ನಮ್ಮ ಮೂವರನ್ನು ಹಿಂದೆ ತುಂಬಿಕೊಂಡು ಊರು ಸುತ್ತಿಸಿದಳು. ಮಾರುಕಟ್ಟೆ ಹತ್ತಿರ ಬಂದಾಗ ವುಬ್ಬೊ, "ಇಲ್ಲೊಂದ್ನಿಮಿಷ ನಿಲ್ಲಿಸು, ಕಾಲು ಹಿಡ್ಕೊಂಡಿದೆ" ಎಂದ. ಅವಳು ಕೇಳಿಸಲೇ ಇಲ್ಲವೆಂಬಂತೆ ಮುಂದೆ ಓಡಿಸಿದಳು. ಮುದುಕ ಮೂಗನ್ನು ಗಾಜಿಗೊತ್ತಿ ಮಾರುಕಟ್ಟೆ ಕಣ್ಮರೆಯಾಗುವತನಕ ನೋಡಿದ.

ವಾಪಸು ಬಂದು ಇಳಿಯುವಾಗ ಅವಳು ಕೈಚಾಚಿದಳು.

"ಪೆಟ್ರೋಲಿಗೆ ತಲೆಗೆ ಒಂದೂವರೆ ಯೂರೋ."

ವುಬ್ಬೊ ಅರ್ಧ ಗಂಟೆ ಚೌಕಾಸಿ ಮಾಡಿದ. ನಾನು ಎರಡು ಯೂರೋದ ನಾಣ್ಯ ಕೊಟ್ಟೆ, ಚಿಲ್ಲರೆ ಕೇಳಲಿಲ್ಲ. ಜೀವನದಲ್ಲಿ ಅದೇ ಮೊದಲು.