ಲಿಂಗ ಹಿಡಿದ ಕೈ

ಗೌರಿಹಬ್ಬದ ಬೆಳಗ್ಗೆ ಅತ್ತೆಗೆ ಎಣ್ಣೆ ಹಚ್ಚುತ್ತಿದ್ದ ಜಯಶೀಲಾಳ ಕೈ ಒಂದು ಕಡೆ ತಡೆದು ನಿಂತಿತು. ಎಡ ಮೊಲೆಯ ಮೇಲುಭಾಗದಲ್ಲಿ, ಚರ್ಮದ ಅಡಿಯಲ್ಲಿ, ಅಡಿಕೆಯಷ್ಟು ಗಾತ್ರದ, ಅಡಿಕೆಯಷ್ಟೇ ಗಟ್ಟಿಯಾದ ಏನೋ ಒಂದು.

“ಅತ್ತೆ, ಇದೇನಿದು?”

“ಏನೋ ಒಂದು. ಮೂರು ಹೆತ್ತ ಮೈ, ಅಲ್ಲೊಂದು ಇಲ್ಲೊಂದು ಗಂಟು ಇರದೆ ಇರುತ್ತಾ?” ಎಂದರು ಸುಭದ್ರಮ್ಮ. “ನೋಯಲ್ಲ ಗೀಯಲ್ಲ. ಬೆನ್ನಿಗೆ ಹಚ್ಚು, ನೀರು ಆರುತ್ತೆ.”

ಜಯಶೀಲಾ ಬೆನ್ನಿಗೆ ಹಚ್ಚಿದಳು. ಆದರೆ ಅಂದೇ ಗಂಡನ ಕಿವಿಗೆ ಹಾಕಿದಳು. ಪರಮೇಶ್ವರಪ್ಪನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ರಜೆ ಎನ್ನುವುದು ಕೇಳಿದ ಕೂಡಲೇ ಸಿಗುವ ಪದಾರ್ಥವಲ್ಲ. ಅಂತೂ ದಸರೆ ಕಳೆದ ಮೇಲೆ ಅವ್ವನನ್ನೂ ಹೆಂಡತಿಯನ್ನೂ ರೈಲು ಹತ್ತಿಸಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರು ತ್ರಿವಿಕ್ರಮರಾಯರು ಮಗ ಸೊಸೆಯನ್ನು ಹೊರಗೆ ಕರೆದು ಹೇಳಿದರು. “ಇದು ಕ್ಯಾನ್ಸರು. ಹೆದರ್ಬೇಡಿ. ಇನ್ನೂ ಇದ್ದ ಜಾಗದಲ್ಲೇ ಇದೆ, ಮೊಲೆ ಪೂರ್ತಿ ತೆಗೆದ್ರೆ ಬದುಕ್ತಾರೆ. ರಕ್ತ ಕಮ್ಮಿ ಇದೆ, ಈ ಟಾನಿಕ್ ಕುಡಿಸಿ, ದೀಪಾವಳಿ ಮುಗಿಸ್ಕೊಂಡು ಬನ್ನಿ. ಅಷ್ಟರೊಳಗೆ ಕಂಕುಳಲ್ಲಿ ಒಂದು ಕಾಳಿನಷ್ಟು ಕೈಗೆ ಸಿಕ್ಕಿದ್ರೂ ಅವತ್ತೇ ಬಂದ್ಬಿಡಿ. ಅಲ್ಲಿ ಬಲಿತು ಕೂತ್ರೆ ನನ್ನ ಕೈಲಿ ಏನೂ ಇರಲ್ಲ.”

ವಾಪಸು ಬರುವಾಗ ರೈಲಿನಲ್ಲಿ ಸುಭದ್ರಮ್ಮ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು: “ಅಲ್ವೇ, ಒಂದು ಕಡೆ ಭಾರ ಇಳಿಸಿದ್ರೆ ಗಾಡಿ ವಾಲುತ್ತೆ. ನಾನು ನಡೆಯೋವಾಗ ವಾಲ್ತೀನೇನೋ.” ಜಯಶೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕದ್ದೇ ನೆವವಾಗಿ ಕಣ್ಣೀರೂ ಬಂತು.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಪಕ್ಕದ ಮನೆ ಕರಿಯಮ್ಮನ ಅಟ್ಟದಿಂದ ಸತ್ತ ಇಲಿ ಬಿತ್ತು. ಸಂಜೆಗೆ ಬೀದಿಯ ಇನ್ನೆರಡು ಮನೆಗಳಲ್ಲಿ ಬಿತ್ತು. ಪ್ಲೇಗು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹಂಡೆಗೆ ಕಟ್ಟಿದ ಹೂವನ್ನು ಬಿಚ್ಚದೆಯೇ ಊರು ಗಂಟುಮೂಟೆ ಕಟ್ಟತೊಡಗಿತು. ಊರ ಹೊರಗಿನ ಬಯಲಿನಲ್ಲಿ ಬಿದಿರು ತಟ್ಟಿಯ ಗುಡಿಸಲುಗಳೆದ್ದವು.

ಕರಿಯಮ್ಮ ಗಂಡ ಸತ್ತವಳು, ಬಾಯಿ ಜೋರು. ತಲೆಯ ಮೇಲೆ ಹಾಸಿಗೆ ಸುರುಳಿ, ಪಕ್ಕದಲ್ಲಿ ಮಗಳು ಪ್ರೇಮ. “ನೋಡೇ ಮಾರಾಯ್ತಿ, ಇಲಿಗೆ ಇರೋ ಮರ್ಯಾದೆ! ಒಂದು ಸತ್ರೆ ಇಡೀ ಊರು ಎದ್ದು ನಿಲ್ಲುತ್ತೆ. ನಮ್ಮ ಯಜಮಾನ್ರು ಸತ್ತಾಗ ಹಿಂದಿನ ಬೀದಿಯೋರೂ ಬರ್ಲಿಲ್ಲ,” ಎಂದಳು ಜಯಶೀಲಾಳಿಗೆ. ದುಗುಡದಲ್ಲಿ ನಡೆಯುತ್ತಿದ್ದವರೂ ನಕ್ಕರು.

ಪರಮೇಶ್ವರಪ್ಪ ಪ್ಲೇಗಿನ ಸೂಜಿ ಹಾಕಿಸಿಕೊಂಡು, ದಾರಿಯ ತಪಾಸಣೆ ನಾಕಾದಲ್ಲಿ ತೋರಿಸುವ ಚೀಟಿ ಪಡೆದು, ಶಿವಮೊಗ್ಗಕ್ಕೆ ಹೋಗಿ ಬಂದ. ತ್ರಿವಿಕ್ರಮರಾಯರನ್ನು ಪ್ಲೇಗಿನ ಕೆಲಸಕ್ಕೆ ಹಾಕಿದ್ದರಂತೆ. ಕೊಯ್ಯುವ ಕೋಣೆಯಲ್ಲಿ ಈಗ ತೀರ ಜೀವ ಹೋಗುವಂಥ ಕೇಸು ಮಾತ್ರ. “ಪ್ಲೇಗು ಇಳಿದ ಮೇಲೆ ಮೊದಲು ನಿಮ್ಮವ್ವನದೇ ಅಂದ್ರು. ಕಂಕುಳಿಗೆ ಬಂದ್ರೆ ಮಾತ್ರ ಹೇಳಿ ಕಳಿಸ್ಬೇಕಂತೆ. ಹೇಗಾದ್ರೂ ಮಾಡಿ ತೆಗೀತಾರಂತೆ,” ಎಂದ. ಸುಭದ್ರಮ್ಮ ಮೊಮ್ಮಗನ ಮೂಗು ಒರೆಸುತ್ತ, “ನನ್ನದೇನು ಅವಸರ, ಸಾಯೋರನ್ನ ಮೊದಲು ನೋಡ್ಲಿ,” ಎಂದರು.

ಬಯಲಿನಲ್ಲಿ ದಿನ ಬಿಟ್ಟು ದಿನ ನರ್ಸಮ್ಮ ಬರುತ್ತಿದ್ದಳು. ವಸಂತಮ್ಮ ಅಂತ ಹೆಸರು. ತಟ್ಟಿಯ ಮರೆಗೆ ಹೆಂಗಸರನ್ನು ಕರೆದು, ಕೈ ಎತ್ತಿಸಿ ಕಂಕುಳು ಮುಟ್ಟಿ ನೋಡುವುದು. ಪ್ಲೇಗಿನ ಗಂಟು ಏಳುವುದು ಅಲ್ಲೇ; ಸಿಕ್ಕರೆ ಹೊಳೆಯ ಆಚೆಯ ರೋಗಿಗಳ ಶೆಡ್ಡಿಗೆ ಸಾಗಿಸುವುದು. ಶೆಡ್ಡಿಗೆ ಒಬ್ಬರು ಹೋದರೆ ಮನೆಯವರೆಲ್ಲ ಹೋಗಬೇಕು. ಊರೊಳಗಿನ ಮನೆಯ ಹೆಂಚು ತೆಗೆದು ಬಿಸಿಲಿಗೆ ಬಿಡುತ್ತಾರೆ, ಬಟ್ಟೆಬರೆ ಸುಡುತ್ತಾರೆ.

ಪ್ರೇಮಳ ಕಂಕುಳಲ್ಲಿ ಗಂಟು ಸಿಕ್ಕಿತು. “ಅದು ಕುರು ಕಣಮ್ಮ, ಬರೀ ಕುರು! ಉಗುರು ತಾಗಿ ಎದ್ದಿದ್ದು!” ಎಂದು ಕರಿಯಮ್ಮ ಗಾಡಿಯ ಹಿಂದೆ ಓಡಿದಳು. ಕುರು ಶೆಡ್ಡಿನಲ್ಲಿ ಒಡೆದು ಮಾಗಿತು. ಆಮೇಲೆ ಪಕ್ಕದ ಹಾಸಿಗೆಯವರಿಂದ ಹುಡುಗಿಗೆ ನಿಜವಾದ ಪ್ಲೇಗು ಹತ್ತಿತು. ಕರಿಯಮ್ಮ ಒಬ್ಬಳೇ ತಿರುಗಿ ಬಂದಳು. ಅಂದಿನಿಂದ ಅವಳ ಗುಡಿಸಲಿನಿಂದ ಮಾತಿನ ಸದ್ದಿಲ್ಲ.

ಅದೇ ವಾರ ಜಯಶೀಲಾ ಗಮನಿಸಿದಳು. ಅತ್ತೆಯ ಇಷ್ಟಲಿಂಗವಿಟ್ಟ ಪುಟ್ಟ ಕರಡಿಗೆ ಸದಾ ಎಡಗಂಕುಳ ಕೆಳಗೆ ತೂಗುತ್ತಿತ್ತು. ಮದುವೆಯಾಗಿ ಬಂದಂದಿನಿಂದ ಅವಳು ಕಂಡದ್ದು ಹಾಗೆಯೇ. ಈಗ ಅದನ್ನು ಕಟ್ಟಿದ ಶಿವದಾರ ಹೆಗಲು ಬದಲಿಸಿ, ಕರಡಿಗೆ ಬಲಕ್ಕೆ ಬಂದಿತ್ತು. ಪೂಜೆಗೆ ಕೂತಾಗ ಲಿಂಗವಿಟ್ಟ ಎಡ ಅಂಗೈ ಕಣ್ಣಿನ ಮಟ್ಟಕ್ಕೆ ಏಳುತ್ತಿರಲಿಲ್ಲ. ಮೊಣಕೈ ಮಂಡಿಗೆ ಊರಿರುತ್ತಿತ್ತು.

ಸ್ನಾನಕ್ಕೆ ನೀರು ಹಾಕುವಾಗ ಅವಳೇ ಕೈ ಇಟ್ಟು ನೋಡಿದಳು. ಕಂಕುಳಲ್ಲಿ ಎರಡು ಕಾಳು. ಕಲ್ಲಿನ ಹಾಗೆ.

“ಡಾಕ್ಟ್ರಿಗೆ ಹೇಳಿ ಕಳಿಸ್ಬೇಕು ಅತ್ತೆ. ಅವರೇ ಹೇಳಿದ್ರಲ್ಲ.”

“ಯಾರ ಕೈಲಿ ಕಳಿಸ್ತೀಯ?”

“ನಿಮ್ಮ ಮಗನ ಕೈಲಿ.”

“ಅವನಿಗೆ ಹೇಳಿದ್ರೆ ಈ ಗಳಿಗೇಲೇ ನನ್ನ ಗಾಡಿಗೆ ಹಾಕ್ತಾನೆ. ನಾಕಾದಲ್ಲಿ ಕೈ ಎತ್ತು ಅಂತಾರೆ. ದಾರೀಲಿ ಮೊದಲು ಸಿಗೋದು ಶೆಡ್ಡು ಕಣೇ, ಶಿವಮೊಗ್ಗ ಆಮೇಲೆ.” ಸುಭದ್ರಮ್ಮ ಹೊರಗೆ ಮಣ್ಣಿನಲ್ಲಿ ಆಡುತ್ತಿದ್ದ ಮೊಮ್ಮಕ್ಕಳ ಕಡೆ ಮುಖ ತಿರುಗಿಸಿದರು. “ಅವೆರಡನ್ನೂ ಕರ್ಕೊಂಡು ಹೋಗ್ತಾರೆ. ಕರಿಯಮ್ಮನ ಗುಡಿಸಲ ಕಡೆ ಒಂದು ಸಲ ನೋಡಿ ಬಾ, ಆಮೇಲೆ ಮಾತಾಡು.”

ಜಯಶೀಲಾ ನೋಡಿ ಬರಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಮರುದಿನ ನರ್ಸಮ್ಮನ ಕೊಡೆ ಬಯಲಿನ ತುದಿಯಲ್ಲಿ ಕಾಣುತ್ತಲೇ ಸುಭದ್ರಮ್ಮ ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತುಬಿಟ್ಟರು. ಪೂಜೆಗೆ ಕೂತವರನ್ನು ಮುಟ್ಟುವವರುಂಟೆ? ವಸಂತಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ಕಾದಳು. ಸುಭದ್ರಮ್ಮನ ತುಟಿ ಆಡುತ್ತಲೇ ಇತ್ತು. ಅಂದು ಮೊಣಕೈ ಮಂಡಿಗೆ ಊರಿರಲಿಲ್ಲ. ಅನುಮಾನ ಬಾರದಿರಲೆಂದು ಅಂಗೈ ಕಣ್ಣಿನ ಮಟ್ಟಕ್ಕೇ ಎದ್ದಿತ್ತು. ತೋಳು ಗಾಳಿಗೆ ಸಿಕ್ಕ ಕಡ್ಡಿಯಂತೆ ನಡುಗುತ್ತಿತ್ತು. ಆ ನೋವು ಎಷ್ಟೆಂದು ಆ ಗುಡಿಸಲಿನಲ್ಲಿ ಜಯಶೀಲಾಳೊಬ್ಬಳಿಗೆ ಗೊತ್ತಿತ್ತು.

“ಎಂಥಾ ಭಕ್ತಿ ನೋಡಿ,” ಎಂದಳು ವಸಂತಮ್ಮ ದಣಿದ ದನಿಯಲ್ಲಿ. “ನನಗೂ ಹೀಗೆ ಒಂದು ಗಳಿಗೆ ಕೂರೋಕೆ ಸಿಕ್ಕಿದ್ರೆ ಸಾಕಾಗಿತ್ತು.” ಆಮೇಲೆ ಜಯಶೀಲಾಳ ಕಡೆ ತಿರುಗಿದಳು. “ಇನ್ನೂ ಎಷ್ಟೋ ಗುಡಿಸಲಿದೆ ನನಗೆ. ನೀವೇ ಹೇಳಿಬಿಡಿ, ನಿಮ್ಮತ್ತೆಗೆ ಗಂಟು ಗಿಂಟು ಏನೂ ಇಲ್ಲ ತಾನೆ?”

ಹೇಳಬಹುದಿತ್ತು. ‘ಇದೆ ನರ್ಸಮ್ಮ, ಪ್ಲೇಗಿನದಲ್ಲ, ಬೇರೆಯದು, ಶಿವಮೊಗ್ಗದ ಡಾಕ್ಟರಿಗೆ ಗೊತ್ತಿದೆ’ ಎಂದು ಬಿಡಿಸಿ ಹೇಳಬಹುದಿತ್ತು. ಕರಿಯಮ್ಮನೂ ಬಿಡಿಸಿಯೇ ಹೇಳಿದ್ದಳಲ್ಲ. ಜಯಶೀಲಾಳ ಮಗ ಓಡಿ ಬಂದು ಅವಳ ಕಾಲು ತಬ್ಬಿಕೊಂಡ.

“ಏನೂ ಇಲ್ಲ,” ಎಂದಳು ಜಯಶೀಲಾ.

ಆಮೇಲೆ ನರ್ಸಮ್ಮ ಬಂದಾಗಲೆಲ್ಲ ಸುಭದ್ರಮ್ಮನದು ಪೂಜೆಯ ಹೊತ್ತು. ಬಯಲಿನಲ್ಲಿ ಹೆಂಗಸರು ‘ಸುಭದ್ರಮ್ಮನೋರ ಪೂಜೆಯಿಂದಲೇ ನಮ್ಮ ಸಾಲಿಗೆ ಏನೂ ಆಗಿಲ್ಲ’ ಎಂದು ಮಾತಾಡಿಕೊಂಡರು. ಒಬ್ಬಿಬ್ಬರು ಬಂದು ಕಾಲಿಗೂ ಬಿದ್ದರು. ಸುಭದ್ರಮ್ಮ ಕಾಲು ಹಿಂದಕ್ಕೆಳೆದುಕೊಂಡರು.

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಪ್ಲೇಗು ಇಳಿಯಿತು. ಮನೆ ಸೇರಿದರು. ಹೆಂಚು ಹೆಂಚಿನ ಜಾಗದಲ್ಲಿತ್ತು, ಹಂಡೆಯ ಕೊರಳಲ್ಲಿ ದೀಪಾವಳಿಯ ಹೂವು ಒಣಗಿ ಕಪ್ಪಾಗಿತ್ತು. ನೆಲ ಸಾರಿಸಿದ ಮಾರನೆಯ ದಿನವೇ ಶಿವಮೊಗ್ಗದ ರೈಲು ಹತ್ತಿದರು. ಪರಮೇಶ್ವರಪ್ಪ ದಾರಿಯುದ್ದಕ್ಕೂ ಹುರುಪಾಗಿದ್ದ: “ಮೊದಲು ನಿಂದೇ ಅಂತ ಮಾತು ಕೊಟ್ಟಿದ್ದಾರವ್ವ!”

ತ್ರಿವಿಕ್ರಮರಾಯರು ಸೊರಗಿ ಅರ್ಧವಾಗಿದ್ದರು. ಗುರುತು ಹಿಡಿದು ನಕ್ಕರು. ಪರದೆಯ ಒಳಗೆ ಹೋದವರು ಬೇಗನೆ ಹೊರಗೆ ಬಂದರು. ಕೈ ತೊಳೆದುಕೊಳ್ಳುತ್ತ ನಿಂತರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

“ಕಂಕುಳಲ್ಲಿ ಯಾವಾಗ ಬಂತು?”

ಪರಮೇಶ್ವರಪ್ಪ ತಬ್ಬಿಬ್ಬಾಗಿ ಹೆಂಡತಿಯ ಮುಖ ನೋಡಿದ.

“ಗುಡಿಸಲಲ್ಲಿದ್ದಾಗ,” ಎಂದಳು ಜಯಶೀಲಾ.

“ನರ್ಸ್ ನೋಡ್ಲಿಲ್ವೇ? ಪ್ಲೇಗಿನ ಗಂಟಿಗೆ ಜ್ವರ ಇರುತ್ತೆ, ಮುಟ್ಟಿದ್ರೆ ಚೀರ್ತಾರೆ. ಇದು ತಣ್ಣಗಿದೆ. ಕೈ ಇಟ್ಟಿದ್ರೆ ಗೊತ್ತಾಗ್ತಿತ್ತು, ನನಗೆ ಸುದ್ದಿ ಬರ್ತಿತ್ತು...” ಎಂದವರು ಅವಳ ಮುಖ ನೋಡಿ ದನಿ ತಗ್ಗಿಸಿ, “ಏನೋ. ಆ ಗಲಾಟೆಯಲ್ಲಿ ಗೊತ್ತಾಗ್ತಿತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ,” ಎಂದರು. “ಈಗ ಕೊಯ್ದ್ರೆ ಸುಮ್ಮನೆ ಹಿಂಸೆ. ನೋವಿಗೆ ಔಷಧಿ ಕೊಡ್ತೀನಿ. ಮನೇಲಿ ಇಟ್ಕೊಳ್ಳಿ.”

ರೈಲಿನಲ್ಲಿ ಪರಮೇಶ್ವರಪ್ಪ ಕಿಟಕಿಯಾಚೆ ಮುಖ ಮಾಡಿ ಕೂತ. “ನನಗೊಂದು ಮಾತು ಹೇಳ್ಬಾರದಿತ್ತಾ?” ಎಂದು ಒಂದೇ ಸಲ ಕೇಳಿದ. ಹೆಂಡತಿಯನ್ನು ಕೇಳಿದನೋ ಅವ್ವನನ್ನು ಕೇಳಿದನೋ ತಿಳಿಯಲಿಲ್ಲ.

ಮನೆಯಲ್ಲಿ, ಅವನು ಕೆಲಸಕ್ಕೆ ಹೋದ ಮೇಲೆ, ಸುಭದ್ರಮ್ಮ ಸೊಸೆಯನ್ನು ಹತ್ತಿರ ಕರೆದರು. “ಅಳ್ಬೇಡ. ಲಿಂಗ ಕೈಲಿಟ್ಕೊಂಡು ಸುಳ್ಳಾಡಿದವಳು ನಾನು. ನೀನು ಬರೀ ಬಾಯಲ್ಲಿ ಆಡಿದೆ.”

“ನಾನು ಹೇಳಿದ್ರೆ ನೀವು ಉಳೀತಿದ್ರಿ ಅತ್ತೆ.”

“ಉಳೀತಿದ್ನೋ ಏನೋ. ಆ ಚಿಕ್ಕದು ಉಳೀತಿತ್ತಾ?” ಹಿತ್ತಲಲ್ಲಿ ಮೊಮ್ಮಗ ಬೋಗುಣಿ ಬಡಿಯುತ್ತಿದ್ದ. “ಒಂದೇ ಸಂಕಟ ಕಣೇ. ಇಷ್ಟು ದಿನ ಪೂಜೆಗೆ ಕೂತ್ರೂ ಒಂದು ದಿನವೂ ಶಿವನ ಮುಖ ನೋಡ್ಲಿಲ್ಲ. ಬಾಗಿಲನ್ನೇ ನೋಡ್ತಿದ್ದೆ, ನರ್ಸಮ್ಮ ಹೋದ್ಲಾ ಅಂತ. ಈಗ ನೆಟ್ಟಗೆ ಒಂದು ಪೂಜೆ ಮಾಡೋಣ ಅಂದ್ರೆ ಕೈ ಏಳಲ್ಲ.”

ಅವರ ಎಡತೋಳು ಆಗಲೇ ಬಾತು ಭಾರವಾಗಿತ್ತು. ಜಯಶೀಲಾ ಕಣ್ಣೊರೆಸಿಕೊಂಡು ಎದ್ದು ಕೈಕಾಲು ತೊಳೆದು ಬಂದಳು. ಮಣೆ ಹಾಕಿದಳು, ವಿಭೂತಿ, ಪತ್ರೆ, ತಂಬಿಗೆ ನೀರು ಇಟ್ಟಳು. ಅತ್ತೆಯ ಬೆನ್ನಿಗೆ ತನ್ನ ಎದೆ ಆನಿಸಿ ಕೂತು, ಬಾತ ತೋಳಿನ ಕೆಳಗೆ ತನ್ನ ತೋಳು ತೂರಿಸಿ, ಲಿಂಗ ಹಿಡಿದ ಅವರ ಅಂಗೈಯ ಕೆಳಗೆ ತನ್ನ ಅಂಗೈ ಕೊಟ್ಟಳು. ಮೆಲ್ಲನೆ ಎತ್ತಿದಳು, ನೋವಾದಲ್ಲಿ ನಿಲ್ಲಿಸಿ, ಮತ್ತೆ ಎತ್ತಿ, ಕಣ್ಣಿನ ಮಟ್ಟಕ್ಕೆ ತಂದಳು.

“ನೋಡ್ಕೊಳ್ಳಿ ಅತ್ತೆ,” ಎಂದಳು. “ಬಾಗಿಲು ಹಾಕಿದೀನಿ. ಯಾರೂ ಬರಲ್ಲ.”