ಕೊಬ್ಬರಿ ಅಟ್ಟದ ಕೆಳಗೆ

ಹೆಸರು ಪುಟ್ಟಿ, ಮೈ ನೋಡಿದರೆ ರಾಗಿ ಕಣಜ. ಕಪ್ಪುಬಿಳಿ ಮಚ್ಚೆಯ ಸೀಮೆ ಹಸು, ಅದರಲ್ಲೂ ತುಂಬಿದ ಗಬ್ಬ. ಇವತ್ತೋ ನಾಳೆಯೋ ಈಯಬೇಕಾಗಿದ್ದ ಹಸು ಬೆಳಗಿನಿಂದ ಮೇವು ಮೂಸಿರಲಿಲ್ಲ. ಚಿಕ್ಕಗಂಗಮ್ಮ ಹಿಂಡಿ ಕಲಸಿ ಮುಂದಿಟ್ಟಳು, ಅದು ಮುಖ ತಿರುಗಿಸಿತು. ಬೆಲ್ಲ ಹಾಕಿ ಮತ್ತೆ ಕಲಸಿದಳು, ಮತ್ತೆ ಮುಖ ತಿರುಗಿಸಿತು. ಇನ್ನೊಂದು ಸಲ ಕಲಸುವ ಕಸುವು ಅವಳಿಗೇ ಇರಲಿಲ್ಲ.

ಆ ವರ್ಷದ ಬಿಸಿಲಿನ ಸುದ್ದಿ ಹೇಳಿ ಪ್ರಯೋಜನವಿಲ್ಲ, ಹೇಳುವವರಿಗೂ ಸುಸ್ತು ಕೇಳುವವರಿಗೂ ಸುಸ್ತು. ಹಾಲ್ಕುರಿಕೆ ಊರಿನ ಪಕ್ಕದಲ್ಲಿ ತೋಟದೊಳಗೇ ಅವರ ಮನೆ. ತೆಂಗಿನ ನೆರಳಲ್ಲಿ ಇರೋರಿಗೇನು ಕಷ್ಟ ಎಂದು ಬಸ್ಸಿನಲ್ಲಿ ಹೋಗುವವರು ಅಂದುಕೊಂಡಾರು. ತೋಟದಲ್ಲಿ ನೆರಳಿದ್ದದ್ದು ನಿಜ. ಮನೆಯ ಒಳಗೆ ಮಾತ್ರ ಬೇಯುತ್ತಿತ್ತು.

ಕಾರಣ ಅವಳ ಗಂಡ ಬೋರಯ್ಯನ ಅಟ್ಟ. ಉದ್ದನೆಯ ಮನೆ, ಒಂದು ತುದಿಗೆ ಕೊಟ್ಟಿಗೆ, ಇನ್ನೊಂದು ತುದಿಗೆ ಅಡಿಗೆಮನೆ, ಎರಡರ ತಲೆಯ ಮೇಲೂ ಹಾದುಹೋದ ಒಂದೇ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ. ಈ ಸೀಮೆಯವರು ಕಾಯಿ ಒಡೆದು ಬಿಸಿಲಿಗೆ ಹರಡುವುದಿಲ್ಲ. ಇಡೀ ಕಾಯಿಯನ್ನೇ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವ ತನಕ ವರ್ಷವಿಡೀ ಕಾಯುತ್ತಾರೆ. ಅಟ್ಟ ಬೆಚ್ಚಗಿರಬೇಕು, ಕೆಳಗೆ ಒಲೆ ಉರಿಯುತ್ತಿರಬೇಕು. ಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾದರೂ ಚಿಕ್ಕಗಂಗಮ್ಮ ಮಟ್ಟೆ, ಚಿಪ್ಪು ಉರಿಸುತ್ತಲೇ ಇದ್ದದ್ದು ಈ ಕೊಬ್ಬರಿಯ ಸೇವೆಗೆ. ಹಿಂದಿನ ಮಳೆಗಾಲ ಕಿಟಕಿಯಿಂದ ಎರಚಲು ನುಗ್ಗಿ, ತೇವ ಅಟ್ಟಕ್ಕೇರಿ ಒಂದು ಮೂಲೆಯ ಕಾಯಿಗಳಿಗೆ ಬೂಷ್ಟು ಹಿಡಿದಿತ್ತು. ಬೋರಯ್ಯ ಹಟಕ್ಕೆ ಬಿದ್ದು ಕೊಟ್ಟಿಗೆ, ಅಡಿಗೆಮನೆ ಎರಡರ ಕಿಟಕಿಗಳಿಗೂ ಇಟ್ಟಿಗೆ ಕಟ್ಟಿಸಿದ. ಹಳೆಯ ಹೆಂಚು ಇಳಿಸಿ ಶೀಟು ಹೊದಿಸಿದ. ಅಟ್ಟಕ್ಕೆ ಒಳ್ಳೆಯದಾಯಿತು. ಕೆಳಗಿದ್ದವರಿಗೆ ಏನಾಯಿತೆಂದು ಕೇಳುವ ಸಂಪ್ರದಾಯ ಆ ಮನೆಯಲ್ಲಿ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪುಟ್ಟಿ ಮುಂಗಾಲು ಮಡಚಿ ದಪ್ಪನೆ ಮಲಗಿಬಿಟ್ಟಿತು. ಬಾಯಿ ತೆರೆದಿತ್ತು, ನಾಲಿಗೆ ಹೊರಗೆ ಜೋತು ಬಿದ್ದಿತ್ತು, ಜೊಲ್ಲು ನೆಲಕ್ಕೆ ನೂಲಿನಂತೆ ಇಳಿಯುತ್ತಿತ್ತು. ಪಕ್ಕೆಗಳು ಒಂದೇ ಸಮನೆ ಏರಿ ಇಳಿಯುತ್ತಿದ್ದವು. ಕರುವಿನಿಂದ ಸಾಕಿದ ಹಸು, ಹೊಟ್ಟೆಯಲ್ಲಿ ಇನ್ನೊಂದು ಕರು. ಹೋದರೆ ಎರಡು ಜೀವ ಒಟ್ಟಿಗೇ ಹೋಗುತ್ತವೆ.

ಚಿಕ್ಕಗಂಗಮ್ಮ ತೊಟ್ಟಿಯಿಂದ ಕೊಡಗಟ್ಟಲೆ ನೀರು ತಂದು ಬೆನ್ನಿನ ಮೇಲೆ ಸುರಿದಳು. ಗೋಣಿಚೀಲ ನೆನೆಸಿ ಮೈತುಂಬ ಹೊದಿಸಿದಳು. ಬಿಸಿಗಾಳಿ ಬಡಿಯದಿರಲಿ ಎಂದು ಕೊಟ್ಟಿಗೆಯ ಬಾಗಿಲಿಗೂ ಒಂದು ಒದ್ದೆ ಚೀಲ ಇಳಿಬಿಟ್ಟಳು. ಮನೆಯೊಳಗೆ ಹಬೆ ತುಂಬಿಕೊಂಡಿತು. ಅವಳ ರವಿಕೆ ಬೆನ್ನಿಗಂಟಿತು. ಐವತ್ತು ದಾಟಿದ ಮೇಲೆ ಅವಳ ಮೈಯೊಳಗಿಂದಲೇ ಆಗಾಗ ಒಂದು ಉರಿ ಏಳುತ್ತಿತ್ತು, ಕಿವಿಯ ತನಕ ಏರಿ ಬೆವರಾಗಿ ಇಳಿಯುತ್ತಿತ್ತು. ಈಗಲೂ ಅದು ಎದ್ದಿತು. ಅವಳು ಗೋಡೆ ಹಿಡಿದು ನಿಂತು, ಅದು ಇಳಿದ ಮೇಲೆ ಮತ್ತೆ ಕೊಡ ಎತ್ತಿಕೊಂಡಳು.

ತೋಟದಿಂದ ಬಂದ ಬೋರಯ್ಯ ಹಸುವನ್ನು ನೋಡುವುದಕ್ಕೂ ಮುಂಚೆ ತಲೆಯೆತ್ತಿ ಅಟ್ಟ ನೋಡಿದ.

"ನೀರು ಸಾಕು ಬುಡು ಗಂಗೂ. ಹಬೆಯೆಲ್ಲ ಮ್ಯಾಕೆ ಹೋಯ್ತದೆ. ಇನ್ನೇನು ಇಳಿಸೋ ಹೊತ್ಗೆ ಕೊಬ್ಬರಿ ಕಪ್ಪಗಾದ್ರೆ ಏನ್ಮಾಡನ?"

"ಹಸ ಸಾಯ್ತದೆ ಕಣ್ರೀ."

"ಎಂಥದೂ ಆಗಲ್ಲ. ನಮ್ಮಪ್ಪನ ಕಾಲ್ದಲ್ಲಿ ಇದೇ ಕೊಟ್ಟಿಗೇಲಿ ಸಾಲಾಗಿ ದನ ಕಟ್ತಿದ್ರು. ಒಂದಾದ್ರೂ ಇಂಗೆ ನಾಲ್ಗೆ ಹಾಕಿತ್ತಾ?"

ಹಾಗೆಂದನೇ ಹೊರತು ಅವನ ಮುಖವೂ ಸಣ್ಣಗಾಯಿತು. ಬಗ್ಗಿ ಹಸುವಿನ ಕಿವಿ ಮುಟ್ಟಿದ, ಕಾದ ಹಂಚು ಮುಟ್ಟಿದವನಂತೆ ಕೈ ಹಿಂದೆಗೆದ. ಬೋರಯ್ಯ ಕಟುಕನಲ್ಲ. ಕೊಬ್ಬರಿಯ ವಿಚಾರ ಬಂದಾಗ ಮಾತ್ರ ಅವನಿಗೆ ಅಟ್ಟದಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ. ಅವಳು ಮತ್ತೆರಡು ಕೊಡ ಸುರಿದಳು. ಏದುಸಿರು ಕಡಿಮೆಯಾಗುವುದಿರಲಿ, ಇನ್ನೂ ಜೋರಾಯಿತು. ಸುರಿದ ನೀರು ಮೈಮೇಲೆ ನಿಂತು ಬೆಚ್ಚಗಾಗುತ್ತಿತ್ತು. ಆಗ ಬೋರಯ್ಯನೇ ಫೋನು ತೆಗೆದ.

ದನದ ಡಾಕ್ಟರು ಜ್ಞಾನೇಶ್ ಬೈಕು ನಿಲ್ಲಿಸಿ ಒಳಗೆ ಬಂದವನೇ ಬಾಗಿಲಿನ ಒದ್ದೆ ಚೀಲ ಕಿತ್ತೆಸೆದ. ಜ್ವರದ ಕಡ್ಡಿ ಇಟ್ಟು ನೋಡಿದ. ಮೈಮೇಲಿನ ಗೋಣಿಗಳನ್ನೂ ಎಳೆದು ಹಾಕಿದ.

"ನಾನೇ ಹೊದ್ಸಿದ್ದು ಡಾಕ್ಟ್ರೇ," ಎಂದಳು ಚಿಕ್ಕಗಂಗಮ್ಮ. "ತಣ್ಣಗಿರ್ಲಿ ಅಂತ."

"ನೀರು ಮೈಮೇಲೆ ಕೂತ್ರೆ ತಣ್ಣಗಾಗಲ್ಲ ಕಣಮ್ಮ. ಒಣಗ್ಬೇಕು. ಒಣಗ್ತಾ ಒಣಗ್ತಾ ಮೈ ಬಿಸೀನ ಎತ್ಕಂಡು ಹೋಗ್ಬೇಕು. ಬೆವರೂ ಅಷ್ಟೇಯ. ಗಾಳಿನೇ ಇಲ್ದಿದ್ರೆ ಎಲ್ಲಿ ಒಣಗ್ತದೆ? ಇಡ್ಲಿ ಪಾತ್ರೇಲಿ ಕೂರ್ಸಿ ಮುಚ್ಚಳ ಹಾಕ್ದಂಗೆ ಆಗದೆ."

ಅವಳು ಕೊಡ ಕೆಳಗಿಟ್ಟಳು. ಮಧ್ಯಾಹ್ನದಿಂದ ನೀರು ಹೊತ್ತು ಹೊತ್ತು ತಾನೇ ಬೇಯಿಸಿದೆನಲ್ಲ ಎಂದುಕೊಂಡಳು.

ಬೋರಯ್ಯ ಮಾತ್ರ ಅಪ್ಪನ ಕಾಲದ ದನಗಳ ಮಾತನ್ನು ಮತ್ತೆ ಹೊರಡಿಸಿದ.

"ಅವು ನಾಟಿ ದನ ಬೋರಯ್ಯೋರೇ," ಎಂದ ಜ್ಞಾನೇಶ್ ಸೂಜಿಗೆ ಔಷಧಿ ಎಳೆಯುತ್ತ. "ಕತ್ತಿನ ಕೆಳಗೆ ಗಂಗೆದೊಗಲು ಹೆಂಗೆ ಜೋತಾಡ್ತದೆ, ನೋಡಿಲ್ವಾ? ಅಷ್ಟಗಲದ ಚರ್ಮ ಗಾಳಿಗೆ ಒಡ್ಡಿದಂಗೆ. ಕೂದ್ಲು ತೆಳು, ಬೆವರೋದೂ ಜಾಸ್ತಿ. ಇದು ಚಳಿ ದೇಶದ ತಳಿ. ಬೆವರೋದು ಕಮ್ಮಿ, ಮೈ ದೊಡ್ಡದು, ಹಾಲು ಮಾಡೋಕೆ, ಕರು ಬೆಳ್ಸೋಕೆ ಒಳಗೆ ಬೇರೆ ಒಲೆ ಉರೀತಿರ್ತದೆ. ಬೆವರು ಸಾಲ್ದಿದ್ದಕ್ಕೇ ಬಾಯಲ್ಲಿ ಉಸಿರು ಹಾಕ್ತಾ ಅದೆ. ನಿಮ್ ನಾಯಿ ನಾಲ್ಗೆ ಚಾಚಲ್ವಾ, ಅಂಗೆ. ಅದೂ ಕೈ ಕೊಟ್ರೆ ಮುಗೀತು."

"ಈಗೇನ್ ಮಾಡದು?"

"ಆಚೆ ಗಾಳಿಗೆ ಕರ್ಕಂಡೋಗಿ."

ಮೂವರೂ ಸೇರಿ ಎಬ್ಬಿಸಲು ನೋಡಿದರು. ಬಾಲ ಹಿಡಿದರು, ಪಕ್ಕೆಗೆ ಭುಜ ಕೊಟ್ಟರು, ಬೈದರು, ಗೋಗರೆದರು. ಪುಟ್ಟಿ ಒಮ್ಮೆ ಹಿಂಗಾಲು ಊರಲು ಹೋಗಿ ಮತ್ತೆ ಕುಸಿಯಿತು. ಆ ಭಾರವನ್ನು ಎತ್ತಿಕೊಂಡು ಹೋಗುವುದು ಸಾಧ್ಯವೇ ಇರಲಿಲ್ಲ.

"ಹಂಗಾದ್ರೆ ಗಾಳೀನೇ ಒಳಕ್ಕೆ ತರ್ಬೇಕು," ಎಂದು ಜ್ಞಾನೇಶ್ ಇಟ್ಟಿಗೆ ಕಟ್ಟಿದ ಕಿಟಕಿಗಳ ಕಡೆ ಕೈ ತೋರಿಸಿದ.

ಬೋರಯ್ಯ ಅಟ್ಟ ನೋಡಿದ. ಹಸು ನೋಡಿದ. ಮತ್ತೆ ಅಟ್ಟ ನೋಡಿದ. ಚಿಕ್ಕಗಂಗಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಹೋಗಿ ಹಾರೆ ತಂದ. ಮೊದಲ ಏಟಿಗೆ ಗಾರೆ ಉದುರಿತು, ನಾಲ್ಕಾರು ಏಟಿಗೆ ಇಟ್ಟಿಗೆಗಳು ಹೊರಗೆ ಬಿದ್ದವು. ಒಂದು ಕಿಟಕಿ ಸಾಲದೆಂದು ಕೊಟ್ಟಿಗೆಯ ಎದುರು ಗೋಡೆಯದನ್ನೂ ಒಡೆದ. ಎರಡಕ್ಕೂ ನಡುವೆ ತೋಟದ ಗಾಳಿ ಹಾಯುವುದಕ್ಕೆ ಶುರುವಾಯಿತು. ಜಗಲಿಯ ಟೇಬಲ್ ಫ್ಯಾನನ್ನೂ ತಂದು ಹಚ್ಚಿದರು. ಈಗ ನೀರು ಚಿಮುಕಿಸಿ ಎಂದ ಜ್ಞಾನೇಶ್. ಅವಳು ಚಿಮುಕಿಸಿದಳು, ಗಾಳಿ ಒಣಗಿಸಿತು, ಅವಳು ಮತ್ತೆ ಚಿಮುಕಿಸಿದಳು. ಮತ್ತೆ ಮತ್ತೆ ಅದೇ ಕೆಲಸ. ರಟ್ಟೆ ಸೋತು, ಕೊನೆಗೆ ಯಾವ ಕೈ ಚಿಮುಕಿಸುತ್ತಿದೆ ಎನ್ನುವುದೂ ಅವಳಿಗೆ ತಿಳಿಯುತ್ತಿರಲಿಲ್ಲ.

ಹೊತ್ತು ಇಳಿಯುವಾಗ ಪುಟ್ಟಿ ಬಾಯಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ಉಸ್ಸೆಂದು ಒಂದು ದೊಡ್ಡ ಉಸಿರು ಬಿಟ್ಟು, ಮುಕ್ಕರಿದು, ಎದ್ದೇ ನಿಂತಿತು. ಬಾನಿಯ ನೀರಿಗೆ ಮುಖವಿಟ್ಟು ಗುಟುಗುಟು ಕುಡಿಯಿತು. ಜ್ಞಾನೇಶ್ ಹೊಟ್ಟೆಯ ಮೇಲೆ ಅಂಗೈ ಒತ್ತಿ, "ಕರು ಮಿಸುಕಾಡ್ತಾ ಅದೆ. ಇವತ್ತಿಗೆ ಬದುಕಿದ್ವಿ. ಆ ಕಿಟಕಿ ಮಾತ್ರ ಮತ್ತೆ ಮುಚ್ಬೇಡಿ," ಎಂದು ಹೇಳಿ ಹೊರಟ.

ಬೋರಯ್ಯನಿಗೆ ಹೋದ ಜೀವ ಬಂದಂತಾಗಿತ್ತು. ಹಸುವಿನ ಗಂಗೆದೊಗಲಿಲ್ಲದ ಬೋಳು ಕತ್ತನ್ನು ಸವರಿದ, ಅದರ ಜೊತೆ ಮಗುವಿನ ಜೊತೆ ಮಾತಾಡಿದಂತೆ ಏನೇನೋ ಮಾತಾಡಿದ. ಕೊಬ್ಬರಿ ಹಾಳಾದರೆ ಆಗಲಿ ಬುಡು, ಮೂಕ ಜೀವ, ಬಾಯಿ ಬಿಟ್ಟು ಹೇಳಕಾಯ್ತದಾ ಎಂದ. ಹಾಗೆನ್ನುವಾಗ ಅವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಆಮೇಲೆ ಹಸಿವು ನೆನಪಾಯಿತು.

"ಗಂಗೂ, ಒಲೆ ಹಚ್ಚಲ್ವಾ? ಅಟ್ಟಾನೂ ತಣ್ಣಗಾಗಿರ್ತದೆ."

ಚಿಕ್ಕಗಂಗಮ್ಮ ಒಡೆದ ಕಿಟಕಿಯ ಕೆಳಗೆ, ಇಟ್ಟಿಗೆ ಚೂರುಗಳ ನಡುವೆ ಕೂತಿದ್ದಳು. ಬೆನ್ನಿಗೆ ಗಾಳಿ ಬರುತ್ತಿತ್ತು. ಅಂಟಿದ್ದ ರವಿಕೆ ಮೆಲ್ಲಗೆ ಬಿಟ್ಟುಕೊಳ್ಳುತ್ತಿತ್ತು. ಈ ಮನೆಯೊಳಗೆ ಮೈಮೇಲಿನ ಬೆವರು ಒಣಗುವುದು ಹೀಗಿರುತ್ತದೆ ಎನ್ನುವುದನ್ನೇ ಅವಳು ಮರೆತಿದ್ದಳು. ಏಳಬೇಕು ಅಂದುಕೊಂಡಳು, ಕಾಲು ಏಳಲಿಲ್ಲ. ಅತ್ತ ಕಡೆಯ ಕತ್ತಲೆಯ ಅಡಿಗೆಮನೆ, ಅಲ್ಲಿನ ಇಟ್ಟಿಗೆ ಮುಚ್ಚಿದ ಕಿಟಕಿ, ಅದರ ಕೆಳಗಿನ ಒಲೆ ಕಣ್ಣ ಮುಂದೆ ಬಂದು ಅವಳಿಗೆ ಅಳು ಬಂತು. ಅಳುವುದಕ್ಕೂ ಸುಸ್ತು.

"ಹಚ್ತೀನಿ," ಎಂದಳು. "ಮೊದ್ಲು ಆ ಕಡೆ ಕಿಟಕೀನೂ ಒಡೀರಿ."

"ಅಡಿಗೆಮನೇದಾ? ಅದ್ಯಾಕೆ?"

"ನಾನೂ ಬೆಂದೋಗಿದೀನಿ ಕಣ್ರೀ."

ಬೋರಯ್ಯ ಆಗ ತಿರುಗಿ ಅವಳನ್ನು ನೋಡಿದ. ಕೆಂಪೇರಿದ ಮುಖ, ಹಣೆಗಂಟಿದ ಕೂದಲು, ನಡುಗುತ್ತಿದ್ದ ರಟ್ಟೆ. ಬೆಳಗಿನಿಂದ ಅದೇ ಕೊಟ್ಟಿಗೆಯಲ್ಲಿದ್ದವಳು ಈಗ ತಾನೇ ಒಳಗೆ ಬಂದಳೇನೋ ಎಂಬಂತೆ ನೋಡಿದ.

"ಇಷ್ಟು ದಿವಸ ಒಂದ್ ಮಾತು ಹೇಳ್ಬಾರ್ದಾಗಿತ್ತಾ?" ಎಂದ.

"ಹೇಳಿದ್ದೆ," ಎಂದಳು ಚಿಕ್ಕಗಂಗಮ್ಮ. "ಇಟ್ಟಿಗೆ ಕಟ್ಸೋವಾಗ್ಲೂ ಹೇಳಿದ್ದೆ, ಆಮೇಲೂ ಹೇಳಿದ್ದೆ."

ಸಿಟ್ಟಿನಿಂದೇನೂ ಹೇಳಲಿಲ್ಲ. ಸಿಟ್ಟು ಮಾಡಿಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಗೋಡೆಗೆ ತಲೆಯೊರಗಿಸಿ ಕಣ್ಣು ಮುಚ್ಚಿಕೊಂಡಳು. ಹಾರೆ ಎತ್ತಿಕೊಂಡ ಸದ್ದು ಕೇಳಿಸೀತೇನೋ ಎಂದು ಕಾಯುತ್ತ ಅಲ್ಲೇ ಕೂತಳು.